ಸರಕಾರಿ ಪಿಸುಮಾತು

ಕಾಕಾ ಮಿಲ್ಟ್ರಿಯಲ್ಲಿದ್ದರು ಎನ್ನುವುದಕ್ಕೆ ನಮ್ಮ ಅಕ್ಕೋಳದಲ್ಲಿ ಯಾರೂ ಪುರಾವೆ ಕೇಳಿದವರಲ್ಲ. ಮೀಸೆ ಇದೆ, ತಿಂಗಳಿಗೊಮ್ಮೆ ಕ್ಯಾಂಟೀನಿನಿಂದ ಬರುವ ಬಾಟಲಿ ಇದೆ, ನಸುಕಿನಲ್ಲೇ ಎದ್ದು ಇಡೀ ಓಣಿಯನ್ನು ಎಬ್ಬಿಸುವ ಕೆಮ್ಮಿದೆ. ಇಷ್ಟು ಸಾಲದು ಅನ್ನುವುದು ಸರಕಾರ ಮಾತ್ರ. ತಾನೇ ಹದಿನೇಳು ವರ್ಷ ಉಣ್ಣಿಸಿ, ಉಡಿಸಿ, ಕೈಗೆ ಬಂದೂಕು ಕೊಟ್ಟು ಓಡಾಡಿಸಿದ ಮನುಷ್ಯನನ್ನು ‘ನೀವ್ಯಾರು?’ ಎಂದು ಕೇಳುವ ಹಕ್ಕನ್ನು ಅದು ಬಿಟ್ಟುಕೊಟ್ಟಿಲ್ಲ.

ಕಾಕಾನ ಕಿವಿ ಮಂದ. ಅವರ ಮುಂದೆ ಗುಟ್ಟು ಹೇಳುವುದಿದ್ದರೆ ಊರ ಹೊರಗಿನ ಹೊಲಕ್ಕೇ ಕರೆದೊಯ್ಯಬೇಕು. ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಜೋಡಿದಾರರೊಬ್ಬರು, ‘ಕಿವಿ ತೋಪಿನ ಸಪ್ಪಳಕ್ಕ ಹೋಗಿದ್ರ ಡಿಸೆಬಿಲಿಟಿ ಪೆನ್ಶನ್ ಬರ್ತದ ಮಾರಾಯಾ’ ಎಂದು ಕೂಗಿ ಹೇಳಿದರಂತೆ. ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿತು, ಕಾಕಾಗೂ ಕೇಳಿಸಿತು. ಶಾಲೆಯಲ್ಲಿ ಗಣಿತ ಕಲಿಸುವ ನನ್ನ ಕೊರಳಿಗೆ ಕೆಲಸ ಬಿತ್ತು.

ನಿಯಮ ಓದಿದೆ. ಊನ ಸೇವೆಯಿಂದಲೇ ಬಂದಿರಬೇಕು, ಅಥವಾ ಸೇವೆಯಿಂದ ಹೆಚ್ಚಾಗಿರಬೇಕು. ಶೇಕಡಾ 20 ಆದರೂ ಇರಬೇಕು. ಅಲ್ಲಿಂದ ಮುಂದಿನದು ಬಲು ಸೊಗಸು: 20 ಇದ್ದರೂ, 30 ಇದ್ದರೂ ಅದನ್ನು 50 ಎಂದೇ ಹಿಡಿಯುತ್ತಾರೆ. 1996ರಿಂದ ಈ ಔದಾರ್ಯ ಅನಾರೋಗ್ಯದಿಂದ ಅರ್ಧಕ್ಕೇ ಮನೆಗೆ ಬಂದವರಿಗಷ್ಟೇ ಇತ್ತು. ಪೂರ್ತಿ ಸೇವೆ ಮುಗಿಸಿ ಬಂದವರಿಗೂ ಕೊಡಿ ಎಂದು 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಇಪ್ಪತ್ತನ್ನು ಐವತ್ತಕ್ಕೆ ರೌಂಡ್ ಮಾಡಿದ ಹುಡುಗನಿಗೆ ನಾನು ಸೊನ್ನೆ ಕೊಡುತ್ತೇನೆ. ಆದರೆ ಕಾಕಾನ ವಿಷಯದಲ್ಲಿ ನನಗೆ ಗಣಿತಕ್ಕಿಂತ ನ್ಯಾಯಾಂಗದ ಮೇಲೆಯೇ ಹೆಚ್ಚು ಗೌರವ ಹುಟ್ಟಿತು.

ಮೊದಲು ಬೇಕಾದದ್ದು ಬಿಡುಗಡೆಯ ಹೊತ್ತಿನ ವೈದ್ಯಕೀಯ ತಪಾಸಣೆಯ ನಕಲು. ಮನೆಯಲ್ಲಿದ್ದದ್ದು ಡಿಸ್ಚಾರ್ಜ್ ಬುಕ್ಕು ಒಂದೇ. ಅದು ಅಟ್ಟದ ಮೇಲಿನ ಕಪ್ಪು ಟ್ರಂಕಿನಲ್ಲಿತ್ತು. ಟ್ರಂಕಿನ ಮೇಲೆ ಬಿಳೇ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ಒಳಗೆ ಹುಳ ಬೀಳದಂತೆ ಕಾಕು ಇಟ್ಟ ತಂಬಾಕಿನ ಎಲೆ. ತೆರೆದ ಕೂಡಲೇ ಇಬ್ಬರೂ ಸೀನಿದೆವು. ಬುಕ್ಕಿನ ಪ್ರಕಾರ ಗದ್ದದ ಬಲಕ್ಕೆ ಒಂದು ಮಚ್ಚೆ, ಎಡ ಮೊಣಕಾಲಿಗೆ ಗಾಯದ ಗುರುತು. ನಡತೆ: ಅನುಕರಣೀಯ. ಕಾಕು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ‘ಬರದಾವ್ರು ಇವರ ಜೋಡಿ ಸಂಸಾರ ಮಾಡಿಲ್ಲ, ಬಿಡು’ ಎಂದರು.

ತೊಡಕು ಇದ್ದದ್ದು ವಿಳಾಸದಲ್ಲಿ. ಕಾಕಾ ಹುಟ್ಟಿದ್ದು 1951ರಲ್ಲಿ, ಮುಂಬೈ ರಾಜ್ಯದಲ್ಲಿ. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದರು. 1970ರಲ್ಲಿ ಭರ್ತಿಯಾದಾಗ ಬರೆಸಿದ್ದು ತಾಲೂಕು ಚಿಕ್ಕೋಡಿ, ಜಿಲ್ಲಾ ಬೆಳಗಾಂವ, ರಾಜ್ಯ ಮೈಸೂರು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, 2014ರಲ್ಲಿ ಬೆಳಗಾಂವ ಬೆಳಗಾವಿಯಾಯಿತು, ಆಮೇಲೆ ನಿಪ್ಪಾಣಿಯೇ ತಾಲೂಕಾಯಿತು. ಇಷ್ಟೆಲ್ಲ ಊರು ಬದಲಿಸಿದ ಮನುಷ್ಯ ಹುಟ್ಟಿದ ಮನೆ ಬಿಟ್ಟು ಕದಲಿಲ್ಲ! ಆಧಾರ್ ಕಾರ್ಡಿನ ವಿಳಾಸಕ್ಕೂ ಬುಕ್ಕಿನ ವಿಳಾಸಕ್ಕೂ ಉಳಿದಿರುವ ಸಂಬಂಧ ಅಕ್ಕೋಳವೊಂದೇ, ಅದಕ್ಕೂ ಸುಖವಿಲ್ಲ. ಹಿಂದೊಮ್ಮೆ ಯಾವುದೋ ಕಚೇರಿಯ ಪೆನ್ಶನ್ ಕಾಗದ ವಿದರ್ಭದ ಅಕೋಲಾ ನೋಡಿಕೊಂಡು, ಕಾಕಾಗಿಂತ ಹೆಚ್ಚು ದೇಶ ಸುತ್ತಿ ಮನೆಗೆ ಬಂದಿತ್ತು.

ಫೌಜಿನ ಕಾಗದಕ್ಕೆ ಇನ್ನೊಂದು ಗುಣ. ಅದರಲ್ಲಿ ಬರದಿದ್ದರೆ ಲೋಕದಲ್ಲಿ ನಡೆದಿಲ್ಲ. ಮದುವೆಯಾಗಲಿ, ಮಗು ಹುಟ್ಟಲಿ, ಪಾರ್ಟ್ ಟು ಆರ್ಡರ್ ಎಂಬ ದಾಖಲೆಯಲ್ಲಿ ಬರಬೇಕು. ಕಾಕಾನ ಮಗ, ಅಂದರೆ ನನ್ನ ಅಣ್ಣ, ಹುಟ್ಟಿದ್ದು ಕಾರಹುಣ್ಣಿವೆಯ ಹಿಂದಿನ ದಿನ. ಆರ್ಡರ್ ಬಂದದ್ದು ದೀಪಾವಳಿಗೆ. ಅಲ್ಲಿಯತನಕ ತೊಟ್ಟಿಲಲ್ಲಿ ಅತ್ತವನು ಯಾರೋ.

ಅರ್ಜಿ ಬರೆಯಲು ಕೂತೆವು. ಕಾಕುವಿನ ಹುಟ್ಟಿದ ದಿನ ಕೇಳಿದರೆ ಜಂತಿ ನೋಡುವ ಕಾಕಾ, ನಂಬರ್ ಕೇಳಿದ ಕೂಡಲೇ ಕಾಲು ಜೋಡಿಸಿ ನಿಂತು, ಕೊನೆಯ ಅಕ್ಷರದ ಸಮೇತ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ನಕಲಿಗೆ ಪುಟಕ್ಕೆ ಎರಡು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕಾಕಾ ಇದ್ದ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ, ದಾಖಲೆಗಳೂ ಅಲ್ಲೇ.

‘ಮೂವತ್ತ ದಿನಾ ಯಾಕ? ಜಮಾಲಪುರದಾಗ ಜವಾಬು ಅವತ್ತs ಬಂದಿತ್ತು’ ಎಂದು ಕಾಕಾ ಗೊಣಗಿದರು. ಅದು ನಿಜ. 1971ರ ಡಿಸೆಂಬರಿನಲ್ಲಿ ಅವರ ಬೆಟಾಲಿಯನ್ ಜಂಗೀ ಪಲ್ಟನ್ ಈಗಿನ ಬಾಂಗ್ಲಾದೇಶದ ಜಮಾಲಪುರವನ್ನು ಸುತ್ತುವರಿದಾಗ ಬ್ರಿಗೇಡಿಯರ್ ಹರ್ದಿತ್ ಸಿಂಗ್ ಕ್ಲೇರ್ ‘ಶರಣಾಗಿ’ ಎಂದು ಪತ್ರ ಕಳಿಸಿದರು. ಪಾಕಿಸ್ತಾನದ ಕಡೆಯ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರ ಬರೆದು, ಅದರೊಳಗೆ ಒಂದು ಗುಂಡು ಸುತ್ತಿ ಕೊಟ್ಟರು. ಅಷ್ಟು ಚುರುಕಿನ ಉತ್ತರಕ್ಕಿಂತ ಮೂವತ್ತು ದಿನವೇ ವಾಸಿ ಎಂದು ಸಮಾಧಾನ ಹೇಳಿದೆ.

ಒಳಗೊಳಗೆ ನನಗೂ ಅಳುಕಿತ್ತು. ಪೆನ್ಶನ್ ಸಿಗುವಷ್ಟು ಸೇವೆಯಾಗದೆ ಬಿಟ್ಟುಬಂದವರ ಕಾಗದವನ್ನು 25 ವರ್ಷ ಇಟ್ಟು ಸುಡುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈಯಲ್ಲಿ ಬಿದ್ದ ಬೆಂಕಿಗೆ ಒಂದೂವರೆ ಕೋಟಿಗೂ ಮಿಕ್ಕಿ ಸೈನಿಕರ ಕಡತ ಬೂದಿಯಾದವು. ಅಲ್ಲಿನ ಮುದುಕರು ತಾವು ಯುದ್ಧಕ್ಕೆ ಹೋಗಿದ್ದನ್ನು ಪಗಾರದ ಚೀಟಿ ತೋರಿಸಿ ನಂಬಿಸಬೇಕಾಯಿತಂತೆ. ಕಾಕಾನ ಪುಣ್ಯ, ಪೆನ್ಶನ್‌ದಾರರು. ಅವಧಿಯೊಳಗೇ ನಕಲು ಬಂತು, ಸರಿಯಾದ ಅಕ್ಕೋಳಕ್ಕೇ ಬಂತು.

ಕಟ್ಟೆಯ ಮೇಲೆ ಕೂತು ಓದಿದೆ. ಕಣ್ಣು ಸರಿ, ಹಲ್ಲು ಸರಿ. ಕಿವಿ: ಪಿಸುಮಾತು 610 ಸೆಂಟಿಮೀಟರ್, ಎರಡೂ ಕಿವಿ. ಅಂದರೆ 1987ರಲ್ಲಿ ಬಿಡುಗಡೆಯಾಗುವಾಗ ಇಪ್ಪತ್ತು ಅಡಿ ದೂರದಲ್ಲಿ ಡಾಕ್ಟರು ಪಿಸುಗುಟ್ಟಿದ್ದು ಕಾಕಾಗೆ ಸ್ವಚ್ಛ ಕೇಳಿಸಿತ್ತು. ಇಪ್ಪತ್ತಿಲ್ಲ, ಐವತ್ತಿಲ್ಲ, ಶೇಕಡಾ ಸೊನ್ನೆ.

‘ಹೆಂಗ್ರೀ ಕಾಕಾ?’ ಎಂದು ಕೂಗಿದೆ.

‘ಕಿವಿ ಕೇಳಂಗಿಲ್ಲ ಅಂದಿದ್ರ ದವಾಖಾನಿ ಒಳಗ ಹಾಕ್ತಿದ್ರು. ಮನೀಗೆ ಬರೂ ಅವಸರ ಇತ್ತು. ಮುಂದಿನಾಂವ ಏನ್ ಅಂದ್ನೋ, ನಾನೂ ಅದನ್ನs ಅಂದೆ.’

ಬಾಗಿಲಲ್ಲಿ ನಿಂತಿದ್ದ ಕಾಕು ಕಾಗದ ಇಸಿದುಕೊಂಡು, ಓದಲು ಬಾರದಿದ್ದರೂ, ಆ ಸಾಲು ಎಲ್ಲಿದೆ ಎಂದು ಬೆರಳಿಟ್ಟು ಕೇಳಿದರು. ತೋರಿಸಿದೆ.

‘ಅಂದ್ರ ಎಂಬತ್ತೇಳರತನಕಾ ಕಿವಿ ಚಲೋ ಇದ್ದುವು ಅಂತ ಸರಕಾರ ಬರದೈತಿ?’

‘ಹೌದ್ರೀ ಕಾಕು.’

‘ಎಂಬತ್ತೆರಡರಾಗ ರಜಾಕ್ಕ ಬಂದಾಗ ಪಾಟ್ಲಿ ಮಾಡಸ್ರಿ ಅಂದಿದ್ದೆ. ತೋಪಿನ ಸಪ್ಪಳಕ್ಕ ಕಿವಿ ಹೋಗ್ಯಾವು, ಏನೂ ಕೇಳಂಗಿಲ್ಲ ಅಂದಿದ್ರು’ ಎಂದು ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡರು. ‘ನೀ ಗಣಿತದ ಮಾಸ್ತರ ಅಲ್ಲೇನು? ಅವತ್ತಿಂದ ಅರಿಯರ್ಸ್ ಎಷ್ಟ ಆಗ್ತದ, ಲೆಕ್ಕಾ ಹಾಕು.’