ಬಾರ್ಸಿಲೋನಾ ಗೋತ್ರ, ಕಂಠೀರವ ಸೂತ್ರ

ಬೆಂಗಳೂರು ಎಫ್‌ಸಿ ಹೊಸ ಕೋಚನ್ನು ಗೊತ್ತುಮಾಡಿದ ದಿನ ಇವನ ಕೈಗೆ ಸಿಕ್ಕಿಬೀಳಬಾರದು. ಲಿಫ್ಟು, ಪಾರ್ಕಿಂಗು, ಮೆಟ್ರೊ, ಎಲ್ಲಿ ಬೇಕಾದರೂ ಹಿಡಿಯುತ್ತಾನೆ. ವಯಸ್ಸು ಮೂವತ್ತೈದರ ಆಚೆ ಈಚೆ. ಕೊರಳಲ್ಲಿ ನೀಲಿ ಸ್ಕಾರ್ಫು, ಏಪ್ರಿಲ್ ಬಿಸಿಲಿಗೂ ಬಿಚ್ಚುವುದಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಏನಾದರೂ ಇರಲಿ, ಕಂಠೀರವ ಸ್ಟೇಡಿಯಮ್ಮಿನ ವೆಸ್ಟ್ ಬ್ಲಾಕಿನಲ್ಲಿ ನಾವು ಕರೆಯುವುದು ‘ಪ್ರೊಸೆಸ್’ ಅಂತ. ಯಾವ ಕೋಚ್ ಬಂದರೂ ಮೊದಲ ತಿಂಗಳು ಇವನ ಬಾಯಲ್ಲಿ ಒಂದೇ ಮಾತು: “ಪ್ರೊಸೆಸ್ ನಂಬ್ಬೇಕು ಗುರು.”

ಸಂಬಂಧ ಕುದುರಿಸುವ ಹಿರಿಯರು ಹುಡುಗನ ಸಂಬಳಕ್ಕಿಂತ ಮೊದಲು ಗೋತ್ರ ಕೇಳುತ್ತಾರಲ್ಲ, ಇವನೂ ಹಾಗೆಯೇ. ಕೋಚ್ ಏನು ಗೆದ್ದಿದ್ದಾನೆ ಅನ್ನುವುದು ಆಮೇಲಿನ ಮಾತು; ಯಾರ ಕೈಕೆಳಗೆ ಇದ್ದವನು ಅನ್ನುವುದು ಮೊದಲು. ಈ ವಿದ್ಯೆ ಅವನಿಗೆ ಹತ್ತಿದ್ದು 2016ರಲ್ಲಿ, ಆಲ್ಬರ್ಟ್ ರೋಕಾ ಬಂದಾಗ. ರೋಕಾ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಆ ರೋಕಾಗೆ ಇಲ್ಲಿ ಸಹಾಯಕರಾಗಿದ್ದವರು ಕಾರ್ಲೆಸ್ ಕ್ವಾದ್ರಾತ್. 2018ರಲ್ಲಿ ಅವರೇ ಮುಖ್ಯ ಕೋಚ್ ಆದರು. ಕ್ವಾದ್ರಾತ್‌ಗೆ ಸಹಾಯಕರಾಗಿದ್ದವರು ಜೆರಾರ್ಡ್ ಸರಗೋಸಾ. 2023ರ ಡಿಸೆಂಬರಿನಲ್ಲಿ ಅವರೂ ಮುಖ್ಯ ಕೋಚ್ ಆಗಿ ಮರಳಿ ಬಂದರು. ಆವತ್ತು ಪ್ರೊಸೆಸ್ ದರ್ಶಿನಿಯ ಮುಂದೆ ನಿಂತು ಎರಡೂ ಕಿವಿ ಮುಟ್ಟಿಕೊಂಡು ಪ್ರವರ ಹೇಳಿದ: “ರೈಕಾರ್ಡ್, ರೋಕಾ, ಕ್ವಾದ್ರಾತ್, ತ್ರಯಾರ್ಷೇಯ ಪ್ರವರಾನ್ವಿತ, ಬಾರ್ಸಿಲೋನಾ ಗೋತ್ರ, ಸರಗೋಸಾ ಶರ್ಮಾ…” ಪಕ್ಕದಲ್ಲಿ ಬೈಟು ಕಾಫಿ ಕುಡಿಯುತ್ತಿದ್ದವರೊಬ್ಬರು ಗಾಬರಿಯಿಂದ ಚಪ್ಪಲಿ ಬಿಟ್ಟರು.

ಗೋತ್ರ ಕೂಡದಿದ್ದರೆ ವಿಕಿಪೀಡಿಯ ಇದ್ದೇ ಇದೆ. 2021ರಲ್ಲಿ ಜರ್ಮನಿಯಿಂದ ಮಾರ್ಕೊ ಪೆಜ್ಜಾಯುವೊಲಿ ಬಂದರು. ಹೆಸರು ಹೇಳಲು ಬರುವ ಮೊದಲೇ ಪ್ರೊಸೆಸ್‌ಗೆ ಅವರ ಜಾತಕ ಬಾಯಿಪಾಠ. 2009ರಲ್ಲಿ 17 ವರ್ಷದೊಳಗಿನವರ ಯುರೋಪಿಯನ್ ಕಪ್ ಗೆದ್ದ ಜರ್ಮನಿಗೆ ಅವರೇ ಕೋಚ್. ಆ ತಂಡದಲ್ಲಿದ್ದ ಹುಡುಗ ಮಾರಿಯೊ ಗೋಟ್ಜೆ. ಅದೇ ಗೋಟ್ಜೆ 2014ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಮೇಲೆ ಗೋಲು ಹೊಡೆದ. “ಅಂದ್ರೆ ವಿಶ್ವಕಪ್ಪಲ್ಲಿ ನಮ್ದೂ ಒಂದ್ ಪಾಲಿದೆ ಅಂತಾಯ್ತಲ್ಲ?” ಆಗಲಿಲ್ಲಪ್ಪಾ ಅನ್ನುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಮರುವರ್ಷ ಇಂಗ್ಲೆಂಡಿನ ಸೈಮನ್ ಗ್ರೇಸನ್. ಇವರು ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್, ಪ್ರೆಸ್ಟನ್ ಹೀಗೆ ನಾಲ್ಕು ಕ್ಲಬ್ಬುಗಳನ್ನು ಮೂರನೇ ದರ್ಜೆಯಿಂದ ಎರಡನೇ ದರ್ಜೆಗೆ ಎತ್ತಿದವರು. ನಮ್ಮ ಐಎಸ್‌ಎಲ್‌ಗಿಂತ ಮೇಲೆ ದೇಶದಲ್ಲಿ ಬೇರೆ ದರ್ಜೆಯೇ ಇಲ್ಲ, ಇವರು ಎತ್ತಿದರೆ ತಂಡ ಹೋಗಿ ಎಲ್ಲಿ ಕೂರಬೇಕು ಅಂತ ಕೇಳಿದೆ. “ನೆಗೆಟಿವ್ ಮಾತಾಡ್ಬೇಡ” ಅಂದ.

ಇನ್ನು ಸ್ವಾಗತದ ವಿಡಿಯೊದಲ್ಲಿ ಕೋಚ್ ಏನಾದರೂ “ನಮಸ್ಕಾರ ಬೆಂಗಳೂರು” ಅಂದುಬಿಟ್ಟರೆ ಮುಗಿಯಿತು. ಇಪ್ಪತ್ತು ವರ್ಷದಿಂದ ಪಕ್ಕದ ಮನೆಯಲ್ಲಿದ್ದೂ ಕನ್ನಡ ಕಲಿಯದವರ ಮೇಲೆ ಅವನಿಗಿರುವ ಸಿಟ್ಟೆಲ್ಲ ಆ ಎರಡು ಪದಕ್ಕೆ ಕರಗಿ ಕಣ್ಣಲ್ಲಿ ನೀರಾಗುತ್ತದೆ.

ತಂತ್ರದ ಪಾಠ ನಡೆಯುವುದು ಅದೇ ದರ್ಶಿನಿಯಲ್ಲಿ, ನಿಂತು ತಿನ್ನುವ ಕಲ್ಲಿನ ಟೇಬಲ್ಲಿನ ಮೇಲೆ. ಎರಡು ಪ್ಲೇಟಿನ ನಾಲ್ಕು ಇಡ್ಲಿ ಹಿಂದೆ ಸಾಲಾಗಿ ಡಿಫೆನ್ಸು. ಮೂರು ಚಮಚ ಮಿಡ್‌ಫೀಲ್ಡು. ಎಡಬಲಕ್ಕೆ ಎರಡು ಕಾಫಿ ಲೋಟ ವಿಂಗು. ನಟ್ಟನಡುವೆ, ಮುಂದೆ, ಚಟ್ನಿ ಬಟ್ಟಲು: ಸುನೀಲ್ ಛೇತ್ರಿ. ಕೋಚ್ ಬದಲಾದಂತೆ ಇಡ್ಲಿ ನಾಲ್ಕಿದ್ದದ್ದು ಮೂರಾಗುತ್ತದೆ, ಚಮಚ ಅತ್ತಿತ್ತ ಸರಿಯುತ್ತದೆ, ಒಮ್ಮೆ ಉದ್ದಿನ ವಡೆ ಲೆಫ್ಟ್ ಬ್ಯಾಕ್ ಆಗಿದ್ದೂ ಉಂಟು. ಚಟ್ನಿ ಬಟ್ಟಲನ್ನು ಮಾತ್ರ ಇವನು ಎಂದೂ ಕದಲಿಸಿಲ್ಲ. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ಛೇತ್ರಿ ಇಲ್ಲಿದ್ದಾರೆ. ನಲವತ್ತು ತುಂಬಿದ ಮೇಲೆ ಆಡಿದ 2024-25ರ ಸೀಸನ್ನಿನಲ್ಲೂ 14 ಗೋಲು ಹೊಡೆದರು. ನನ್ನನ್ನು ಕೇಳಿದರೆ ಕೋಚುಗಳ ಅರ್ಧ ಕೆಲಸ ಆ ಬಟ್ಟಲೇ ಮಾಡಿದೆ. ಆದರೆ ನನ್ನನ್ನು ಕೇಳುವವರು ಯಾರು?

ಗೌತಮಪುರದ ಹಿರಿಯರೊಬ್ಬರು ನಮ್ಮ ಜೊತೆ ಮ್ಯಾಚಿಗೆ ಬರುತ್ತಾರೆ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಬಡಾವಣೆ ಅದು. ಪ್ರೊಸೆಸ್‌ನ ಇಡ್ಲಿಪಾಠವನ್ನು ಪೂರ್ತಿ ಕೇಳಿ ಅವರು ಅಂದರು: “ತಂಬಿ, 1948ರಲ್ಲಿ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಗೋಲ್ ಹೊಡೆದಿದ್ದು ನಮ್ಮ ಸಾರಂಗಪಾಣಿ ರಾಮನ್. ಆ ಟೀಮಲ್ಲಿ ಮುಕ್ಕಾಲು ಜನಕ್ಕೆ ಕಾಲಲ್ಲಿ ಬೂಟೇ ಇರಲಿಲ್ಲ. ಆಗ ಕೋಚ್ ಯಾರು ಅಂತ ಯಾರಾದ್ರೂ ಕೇಳಿದ್ರಾ?”

ಪ್ರೊಸೆಸ್ ಫೋನ್ ತೆಗೆದ. ಒಂದು ನಿಮಿಷ ಬೆರಳಾಡಿಸಿದ. “ಬಲಾಯ್‌ದಾಸ್ ಚಟರ್ಜಿ. ಅವ್ರು ಯಾರಿಗೆ ಅಸಿಸ್ಟೆಂಟ್ ಆಗಿದ್ರು ಅನ್ನೋದು ಸಿಗ್ತಿಲ್ಲ ಅಂಕಲ್.”

ಈ ಭಕ್ತಿಯ ಆಯಸ್ಸು ಸುಮಾರು ಮೂರು ಸೋಲು. ಮೊದಲ ಸೋಲಿಗೆ ರೆಫರಿ ಕಾರಣ. ಎರಡನೆಯದಕ್ಕೆ ಹುಲ್ಲು. ಮೂರನೆಯದಕ್ಕೆ ಸ್ಕಾರ್ಫು ಕೊರಳಿಂದಿಳಿದು ಸೊಂಟಕ್ಕೆ ಬರುತ್ತದೆ, ‘ಪ್ರೊಸೆಸ್’ ಅನ್ನುವ ಪದ ಬಾಯಿಂದ ಮಾಯವಾಗುತ್ತದೆ. ಕ್ವಾದ್ರಾತ್ 2019ರ ಮಾರ್ಚಿನಲ್ಲಿ ಮುಂಬೈಯಲ್ಲಿ ಗೋವಾವನ್ನು ಸೋಲಿಸಿ ಐಎಸ್‌ಎಲ್ ಕಪ್ ತಂದುಕೊಟ್ಟವರು. 117ನೇ ನಿಮಿಷದ ರಾಹುಲ್ ಭೆಕೆಯ ಹೆಡರ್ ನೋಡಿ ಇವನು ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡಿದ್ದ. 2020ರ ಡಿಸೆಂಬರಿನಿಂದ 2021ರ ಜನವರಿಯ ನಡುವೆ ಸಾಲಾಗಿ ಮೂರು ಮ್ಯಾಚ್ ಹೋದವು. ಕೋವಿಡ್ ಕಾಲ, ಆಟವೆಲ್ಲ ಗೋವಾದ ಖಾಲಿ ಸ್ಟೇಡಿಯಮ್ಮುಗಳಲ್ಲಿ. ಬೈಯಲು ಅಲ್ಲಿಗೆ ಹೋಗುವಂತಿಲ್ಲದ್ದರಿಂದ ಮನೆಯ ಟೀವಿಗೇ ಬೈದ. ಕ್ಲಬ್ ಕ್ವಾದ್ರಾತರನ್ನು ಬೀಳ್ಕೊಟ್ಟಾಗ, ತನ್ನ ದನಿ ಗೋವಾಕ್ಕೆ ಮುಟ್ಟಿತು ಅಂತಲೇ ನಂಬಿದ.

ಗ್ರೇಸನ್ ಕಥೆಯೂ ಬೇರೆಯಲ್ಲ. 2022ರಲ್ಲಿ ಡುರಾಂಡ್ ಕಪ್ ಬಂದಾಗ ದೇವರು. ಲೀಗಿನ ಮೊದಲರ್ಧ ನೆಲಕಚ್ಚಿದಾಗ ಶನಿ. ಆಮೇಲೆ ಸತತ 8 ಗೆಲುವು ಬಂದಾಗ ಮತ್ತೆ ದೇವರು. 2023ರ ಡಿಸೆಂಬರಿನಲ್ಲಿ ನಮ್ಮ ಕಂಠೀರವದಲ್ಲೇ ಮುಂಬೈ ಸಿಟಿ 4-0ಯಿಂದ ಬಡಿದು ಹೋದಾಗ, ಇಷ್ಟು ದಿನ ಇಟ್ಟುಕೊಂಡಿದ್ದೇ ತಪ್ಪು. ಮರುದಿನ ಗ್ರೇಸನ್ ಇರಲಿಲ್ಲ. “ನಾನ್ ಹೇಳಿರ್ಲಿಲ್ವಾ?” ಹೇಳಿದ್ದ, ನಿಜ. ಅದಕ್ಕೆ ಉಲ್ಟಾ ಆದದ್ದನ್ನೂ ಅಷ್ಟೇ ಸಲ ಹೇಳಿದ್ದ.

ಸತ್ತವರೆಲ್ಲ ಒಳ್ಳೆಯವರು ಅನ್ನುತ್ತಾರೆ. ವೆಸ್ಟ್ ಬ್ಲಾಕಿನಲ್ಲಿ ಸಾಯಬೇಕಾಗಿಲ್ಲ, ಊರು ಬಿಟ್ಟರೆ ಸಾಕು. ಕ್ವಾದ್ರಾತ್ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದರು. ಪ್ರೊಸೆಸ್ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. “ಅಂಥಾ ಮನುಷ್ಯನ್ನ ಯಾರೋ ಕೈಯಾರೆ ಓಡಿಸಿಬಿಟ್ರು!” ಓಡಿಸಿದವರು ಯಾರು ಅಂತ ನಾವು ಅವನ ಟೀವಿಯ ಕಡೆ ನೋಡಿದೆವು.

ಕ್ಲಬ್ಬಿನ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ವಿಷಯದಲ್ಲಂತೂ ಅವನ ಅಭಿಮಾನ ದೇಶದ ಗಡಿಯನ್ನೂ ದಾಟಿದೆ. ಎರಡು ಐ-ಲೀಗ್ ಕೊಡಿಸಿದವರು, ಒಪ್ಪೋಣ. ಆದರೆ 2024ರ ಮಾರ್ಚಿನಲ್ಲಿ ಗುವಾಹಟಿಯಲ್ಲಿ ಭಾರತವನ್ನು 2-1ರಿಂದ ಸೋಲಿಸಿದ ಅಫ್ಘಾನಿಸ್ತಾನದ ಕೋಚ್ ಅವರು. 2025ರ ಜೂನಿನಲ್ಲಿ ಭಾರತವನ್ನು 1-0ಯಿಂದ ಸೋಲಿಸಿದ ಹಾಂಗ್‌ಕಾಂಗ್ ಕೋಚೂ ಅವರೇ. ದೇಶವೇ ತಲೆಮೇಲೆ ಕೈಹೊತ್ತು ಕೂತಿದ್ದಾಗ ಇವನೊಬ್ಬ ಹುಬ್ಬು ಹಾರಿಸುತ್ತಿದ್ದ: “ಯಾರು? ನಮ್ ಆಶ್ಲಿ!”

ಸರಗೋಸಾ ತಂಡವನ್ನು 2025ರ ಏಪ್ರಿಲಿನಲ್ಲಿ ಐಎಸ್‌ಎಲ್ ಫೈನಲ್ ತನಕ ಒಯ್ದರು. ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಮುಂದೆ 2-1ರಿಂದ ಸೋತೆವು. ಆವತ್ತು ಸ್ಕಾರ್ಫು ಕೊರಳಲ್ಲೂ ಇರಲಿಲ್ಲ, ಸೊಂಟದಲ್ಲೂ ಇರಲಿಲ್ಲ, ಕೈಯಲ್ಲಿತ್ತು. ಫೋನಿನಲ್ಲಿ ಅದಾಗಲೇ ಸ್ಪೇನಿನ ಕೋಚುಗಳ ಪಟ್ಟಿ ತೆರೆದಿತ್ತು.

ಆದ್ದರಿಂದ, ಮುಂದೆ ಕಂಠೀರವಕ್ಕೆ ಬರುವವರಲ್ಲಿ ಒಂದು ವಿನಂತಿ. ವೆಸ್ಟ್ ಬ್ಲಾಕಿನಲ್ಲಿ 90 ನಿಮಿಷವೂ ನಿಂತೇ ಇರಬೇಕು, ಅದಕ್ಕೆ ತಯಾರಾಗಿ ಬನ್ನಿ. ಅವನು ಪಕ್ಕಕ್ಕೆ ಬಂದು ನಿಂತರೆ ಮೊದಲ ಸೋಲಿನ ತನಕ ಕೋಚಿಗೆ ಎದುರಾಡಬೇಡಿ, ಮೂರನೆಯದರ ಮೇಲೆ ಕೋಚಿನ ಪರ ವಹಿಸಬೇಡಿ. ಮ್ಯಾಚ್ ಮುಗಿದ ಮೇಲೆ ದರ್ಶಿನಿಗೆ ಕರೆದರೆ ನಿಮ್ಮ ಪ್ಲೇಟನ್ನು ಕೈಯಲ್ಲೇ ಹಿಡಿದುಕೊಳ್ಳಿ. ಟೇಬಲ್ ಮೇಲಿಟ್ಟರೆ ನಿಮ್ಮ ಇಡ್ಲಿ ಡಿಫೆನ್ಸಿಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ.