ಮುಂದಿನ ಸೀಟಿನಲ್ಲಿ ಕರಿಬೇವು

ಮಂಗಳೂರಿನಲ್ಲಿ ಚಳಿ ಪಂಚಾಂಗದಲ್ಲಿರುತ್ತದೆ, ನನ್ನ ಅಪ್ಪನ ಕಿವಿಯಲ್ಲಿರುತ್ತದೆ, ಗಾಳಿಯಲ್ಲಿ ಮಾತ್ರ ಇರುವುದಿಲ್ಲ. ಡಿಸೆಂಬರಿನ ಬೆಳಗ್ಗೆ ತಾಪಮಾನ ಇಪ್ಪತ್ತರ ಹತ್ತಿರ ಸುಳಿದರೆ ಸಾಕು, ಅಪ್ಪ ಮಂಕಿಕ್ಯಾಪ್ ಹಾಕಿ, ಅದರ ಮೇಲೆ ಮಫ್ಲರ್ ಸುತ್ತಿ, ಮಣ್ಣಗುಡ್ಡೆಯಿಂದ ಲೇಡಿಹಿಲ್ಲಿನವರೆಗೆ ವಾಕಿಂಗ್ ಹೋಗಿ ಬರುತ್ತಾರೆ. ಹತ್ತು ಗಂಟೆಗೆ ಫ್ಯಾನ್ ಹಾಕಿ "ಎಂತ ಸೆಕೆ ಮಾರಾಯ" ಅನ್ನುತ್ತಾರೆ. ಈ ಎರಡರ ನಡುವೆ ಎಷ್ಟು ಹೊತ್ತು ಉಂಟೋ ಅದೇ ನಮ್ಮೂರಿನ ಚಳಿಗಾಲ.

ನಾವಿರುವ ಶಿಕಾಗೋದಲ್ಲಿ ಚಳಿಗೆ ಕಾಯಿದೆ ಉಂಟು. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬಾಡಿಗೆ ಮನೆಯ ಒಳಗೆ ಹಗಲು ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 66 ಡಿಗ್ರಿ ಇರಲೇಬೇಕು. ಇಲ್ಲದಿದ್ದರೆ ಮನೆ ಓನರಿಗೆ ದಂಡ. 68 ಅಂದರೆ ನಮ್ಮ ಲೆಕ್ಕದಲ್ಲಿ 20. ಒಟ್ಟಿನಲ್ಲಿ ಮಂಗಳೂರಿನ ಕಡುಚಳಿಯನ್ನು ಬಾಡಿಗೆದಾರನಿಗೆ ಒದಗಿಸದಿದ್ದರೆ ಅಲ್ಲಿ ಅಪರಾಧ. ಇದನ್ನು ಅಪ್ಪನಿಗೆ ವಿವರಿಸಿದೆ. "ಪಾಪ, ಬಾಡಿಗೆಯವರಿಗೆ ಹೀಗೆಲ್ಲ ಮಾಡ್ತಾರಾ?" ಎಂದು ಮಫ್ಲರ್ ಬಿಗಿ ಮಾಡಿಕೊಂಡರು.

ಇಂಥ ಅಪ್ಪ-ಅಮ್ಮ ಮಣ್ಣಗುಡ್ಡೆಯ ಹಂಚಿನ ಮನೆ ಬಿಟ್ಟು ಕದ್ರಿಯ ಫ್ಲ್ಯಾಟಿನ ಒಂಬತ್ತನೇ ಮಾಳಿಗೆಗೆ ಹೋಗುವುದೆಂದು ತೀರ್ಮಾನವಾಯಿತು. ಕಾರಣ ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು, ಮಂಗಳೂರು ಹಂಚು ಕಡಲು ದಾಟಿ ಹೋಗಿ ಹೆಸರು ಮಾಡಿದ್ದು ಎಲ್ಲ ಸರಿ. ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಒಡೆದ ಹಂಚು ಬದಲಾಯಿಸುವವರು ಮಾತ್ರ ಈಗ ಮಂಗಳೂರಿನಲ್ಲೇ ಸಿಗುವುದಿಲ್ಲ. ಅಪ್ಪ ತಾವೇ ಏಣಿ ಇಟ್ಟರು. ಅಮ್ಮ ಆ ಏಣಿಯನ್ನು ಗುಜರಿಗೆ ಕೊಟ್ಟು ಫ್ಲ್ಯಾಟ್ ನೋಡಲು ಹೊರಟರು.

"ಸಾಮಾನು ಸಾಗಿಸುವಾಗ ನೀನು ಬೇಕು. ಚಳಿಯಲ್ಲಿ ಮನೆ ಬದಲಾಯಿಸಿ ಗೊತ್ತಿರುವವನು ನೀನೊಬ್ಬನೇ" ಎಂದು ಅಮ್ಮ ಫೋನ್ ಮಾಡಿದರು. ನನ್ನ ಈ ಅರ್ಹತೆಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ.

2019ರ ಜನವರಿ 30. ಉತ್ತರ ಧ್ರುವದ ಮೇಲೆ ಸುತ್ತುತ್ತಾ ಇರಬೇಕಾದ ಗಾಳಿ ದಾರಿ ತಪ್ಪಿ ಕೆಳಗಿಳಿದು, ಶಿಕಾಗೋದಲ್ಲಿ ಆ ಬೆಳಗ್ಗೆ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗಿತ್ತು. ಅಂಚೆಯವರು ಬಟವಾಡೆ ನಿಲ್ಲಿಸಿದರು. ಮೆಟ್ರಾ ರೈಲಿನವರು ಹಳಿ ಕವಲೊಡೆಯುವ ಜಾಗದಲ್ಲಿ ಗ್ಯಾಸಿನ ಬೆಂಕಿ ಹಚ್ಚಿಟ್ಟು ಹಳಿ ಬೆಚ್ಚಗೆ ಮಾಡುತ್ತಿದ್ದರು. ಆ ವಿಡಿಯೋ ಮಂಗಳೂರಿನ ನಮ್ಮ ಫ್ಯಾಮಿಲಿ ಗ್ರೂಪಿಗೂ ತಲುಪಿ, "ಅಲ್ಲಿ ರೈಲಿಗೆ ಬೆಂಕಿ ಬಿದ್ದಿದೆಯಂತೆ, ಮಾಣಿ ಎಲ್ಲಿದ್ದಾನೆ?" ಎಂದು ದೊಡ್ಡಮ್ಮ ಮೂರು ಭಾಷೆಯಲ್ಲಿ ಕೇಳಿದ್ದರು. ಮಾಣಿ ಪಾತ್ರೆ ಪ್ಯಾಕ್ ಮಾಡುತ್ತಿದ್ದ. ಹಳೆ ಮನೆಯ ಲೀಸ್ 31ಕ್ಕೆ ಮುಗಿಯುತ್ತಿತ್ತು. ಹೊಸ ಕಟ್ಟಡದ ಸರಕು ಲಿಫ್ಟನ್ನು ಮೊದಲೇ ಬುಕ್ ಮಾಡಬೇಕಿತ್ತು, ನಮಗೆ ಸಿಕ್ಕಿದ್ದು 31ರ ಬೆಳಗ್ಗೆ ಒಂಬತ್ತರಿಂದ ಹನ್ನೆರಡು. ಜೋಯಿಸರು ಕೊಟ್ಟ ಮುಹೂರ್ತ ತಪ್ಪಿದರೆ ಏನಾದರೊಂದು ಶಾಂತಿ ಮಾಡಿಸಬಹುದು. ಶಿಕಾಗೋದ ಲಿಫ್ಟಿನ ಮುಹೂರ್ತಕ್ಕೆ ಶಾಂತಿ ಇಲ್ಲ, ಡೆಪಾಸಿಟ್ ಮಾತ್ರ ಉಂಟು.

ಸಾಮಾನು ಸಾಗಿಸುವ ಕಂಪನಿಯವರು ಬರುವುದಿಲ್ಲ ಎಂದರು. ಅವರದ್ದೂ ತಪ್ಪಲ್ಲ, ಆ ಗಾಳಿಗೆ ಹತ್ತು ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ಆಗ ಬಂದವರು ವಿದ್ಯಾರಣ್ಯ ಕನ್ನಡ ಕೂಟದ ಗೆಳೆಯರು. ಶಿಕಾಗೋದಲ್ಲಿ 1972ರಿಂದ ಇರುವ ಕೂಟ. ಅದರಲ್ಲಿ ರಾಜ್ಯೋತ್ಸವದ ನಾಟಕಕ್ಕೆ ಅರಮನೆಯ ಕಂಬ ಹೊತ್ತು ಪಳಗಿದವರಿಗೆ ಬರವಿಲ್ಲ. ನಮ್ಮ ಸೋಫಾ ಎತ್ತುವಾಗಲೂ ಒಬ್ಬರು ಅಭ್ಯಾಸಬಲದಿಂದ "ಕರ್ಟನ್ ಬಿದ್ದ ಮೇಲೆ ಎತ್ತುವ" ಅಂದರು.

ಬಾಡಿಗೆ ಟ್ರಕ್ಕನ್ನು ನಿಲ್ಲಿಸಲು ನಮ್ಮ ಬಾಗಿಲ ಎದುರು ಜಾಗವಿತ್ತು. ಜಾಗದ ನಡುವೆ ಒಂದು ಮುರಿದ ಕುರ್ಚಿ ಇತ್ತು. ಇದು ಶಿಕಾಗೋದ ಒಂದು ಪದ್ಧತಿ, ಹೆಸರು ಡಿಬ್ಸ್. ಹಿಮ ಬಿದ್ದಾಗ ರಸ್ತೆಬದಿಯಲ್ಲಿ ಸಲಿಕೆ ಹಿಡಿದು ಕಾರಿನಷ್ಟು ಜಾಗ ಬಿಡಿಸಿದವನು ಅಲ್ಲಿ ಹಳೆ ಕುರ್ಚಿಯನ್ನೋ ಇಸ್ತ್ರಿ ಟೇಬಲನ್ನೋ ಇಟ್ಟು ಹೋದರೆ, ಅವನು ಬರುವವರೆಗೆ ಅದು ಅವನದ್ದೇ. ಕಾಯಿದೆಯಲ್ಲಿ ಹೀಗೊಂದು ಹಕ್ಕಿಲ್ಲ. ಆದರೂ 1967ರ ಜನವರಿಯಲ್ಲಿ 23 ಇಂಚು ಹಿಮ ಸುರಿದ ಕಾಲದಿಂದ ಜನ ಇದನ್ನು ನಡೆಸಿಕೊಂಡು ಬಂದಿದ್ದಾರಂತೆ. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಮಂಗಳೂರಿನವರ ವಿದ್ಯೆಯೇ ಇದು. ಶಿಕಾಗೋದಲ್ಲಿ ಟವೆಲಿಗೆ ಕಾಲು ಬಂದಿದೆ, ಅಷ್ಟೆ.

ನಾನು ಕುರ್ಚಿಗೆ ಕೈ ಹಾಕಲು ಹೊರಟಾಗ, ಆ ಊರಿನಲ್ಲೇ ತಲೆ ಹಣ್ಣು ಮಾಡಿಕೊಂಡ ಕೂಟದ ಹಿರಿಯರೊಬ್ಬರು ತಡೆದರು. "ಈ ಊರಲ್ಲಿ ಹಿಮದ ವಿಷಯಕ್ಕೆ ಮೇಯರನ್ನೇ ಇಳಿಸಿದ್ದಾರೆ, ನಿಮ್ಮ ಟೈರನ್ನು ಬಿಡ್ತಾರಾ?" ಮಾತು ಸುಳ್ಳಲ್ಲ. 1979ರ ಜನವರಿಯಲ್ಲಿ ಬಿದ್ದ ಹಿಮವನ್ನು ಸರಿಯಾಗಿ ತೆಗೆಸಲಿಲ್ಲವೆಂಬ ಸಿಟ್ಟಿಗೆ ಮೇಯರ್ ಮೈಕಲ್ ಬಿಲಾಂಡಿಕ್ ಮುಂದಿನ ತಿಂಗಳೇ ಪಕ್ಷದ ಒಳಚುನಾವಣೆಯಲ್ಲಿ ಸೋತರು. ಗೆದ್ದ ಜೇನ್ ಬರ್ನ್ ಆ ಊರಿನ ಮೊದಲ ಮಹಿಳಾ ಮೇಯರ್ ಆದರು. ಮಂಗಳೂರಿನಲ್ಲಿ ರಸ್ತೆಗುಂಡಿಗೆ ಇದೇ ಶಿಕ್ಷೆ ಇದ್ದಿದ್ದರೆ ನಮ್ಮಲ್ಲಿ ತಿಂಗಳಿಗೊಬ್ಬ ಮೇಯರ್ ಬೇಕಾಗುತ್ತಿತ್ತು. ಟ್ರಕ್ಕನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, ಕುರ್ಚಿಗೆ ಸುತ್ತು ಹಾಕಿ ಸಾಮಾನು ಹೊತ್ತೆವು.

ಫ್ರಿಜ್ಜು, ಸೋಫಾ, ಮಂಚ ಎಲ್ಲ ಬಿದ್ದರೆ ಬೀಳಲಿ ಅನ್ನುವ ಧೈರ್ಯ ನನ್ನ ಹೆಂಡತಿಗೆ ಇತ್ತು. ಅವಳ ಜೀವ ಇದ್ದದ್ದು ಕರಿಬೇವಿನಲ್ಲಿ. ಕೂಟದ ಯಾರದೋ ಮನೆಯ ಗಿಡದ ಬುಡದಿಂದ ಕಿತ್ತು ತಂದ ಸಸಿ. ಕಿಟಕಿಯ ಬಳಿ ಲೈಟು ಹಾಕಿ ಸಾಕಿ, ಮೊಣಕೈ ಎತ್ತರಕ್ಕೆ ಬರಿಸಿದ್ದಳು. ಒಗ್ಗರಣೆಗೆ ಎಲೆ ಕೀಳುವಾಗ ಗಿಡದ ಹತ್ತಿರ ಎರಡು ಮಾತು ಆಡಿಯೇ ಕೀಳುತ್ತಿದ್ದಳು. ಆ ಗಾಳಿಗೆ ಒಂದು ನಿಮಿಷ ಸಿಕ್ಕರೂ ಅದು ಸುಟ್ಟು ಕಪ್ಪಾಗುತ್ತಿತ್ತು. ಹಾಗಾಗಿ ಮೊದಲು ಕಾರನ್ನು ಅರ್ಧ ಗಂಟೆ ಸ್ಟಾರ್ಟ್ ಮಾಡಿಟ್ಟು ಹೀಟರ್ ಹಾಕಿದೆವು. ಗಿಡಕ್ಕೆ ಮಗಳ ಸ್ವೆಟರ್ ತೊಡಿಸಿ, ಮೇಲಿಂದ ಶಾಲು ಸುತ್ತಿ, ಇಬ್ಬರು ಹಿಂದೆ ಮುಂದೆ ನಿಂತು ಗಾಳಿಗೆ ಅಡ್ಡವಾಗಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆವು. ಹೆಂಡತಿ ಮತ್ತು ಮಗಳು ಹಿಂದೆ ಪಾತ್ರೆಗಳ ನಡುವೆ ಕುಳಿತರು. ಒಂದು ಸಿಗ್ನಲಿನಲ್ಲಿ ಪಕ್ಕದ ಕಾರಿನ ಹೆಂಗಸು ನಮ್ಮ ಮುಂದಿನ ಸೀಟನ್ನು ನೋಡಿ ಅಜ್ಜಿ ಎಂದು ತಿಳಿದು ಕೈ ಬೀಸಿದಳು.

ಹೊಸ ಮನೆಯಲ್ಲಿ ಹಾಲುಕ್ಕಿಸಬೇಕಲ್ಲ. ಮಂಗಳೂರಿನಿಂದ ಅಮ್ಮ ವಿಡಿಯೋದಲ್ಲಿ ಕುಳಿತರು. ನಮ್ಮದು ಕರೆಂಟಿನ ಒಲೆ, ಕಾಯುವುದೇ ನಿಧಾನ. "ಉಕ್ಕಿತಾ?" "ಇಲ್ಲ." "ಈಗ?" "ಇಲ್ಲಮ್ಮ." ಮಂಗಳೂರಿನಲ್ಲಿ ಆಗ ಮಧ್ಯರಾತ್ರಿ. ಅಮ್ಮ ನಿದ್ರೆಗೆ ಜಾರಿದ ಮೇಲೆ ಹಾಲು ಉಕ್ಕಿತು. ಬೆಳಗ್ಗೆ ಎದ್ದವರದ್ದು ಒಂದೇ ಪ್ರಶ್ನೆ, "ಯಾವ ದಿಕ್ಕಿಗೆ?" ಮಿಶಿಗನ್ ಸರೋವರದ ಕಡೆಗೆ ಅಂದೆ. ಶಿಕಾಗೋಗೆ ಸರೋವರ ಪೂರ್ವಕ್ಕೆ ಇರುವುದರಿಂದ ನಮ್ಮ ಮನೆತನ ಉಳಿಯಿತು.

ಇಷ್ಟೆಲ್ಲ ಅನುಭವ ಇದ್ದವನಿಗೆ ಮಣ್ಣಗುಡ್ಡೆಯಿಂದ ಕದ್ರಿ ಯಾವ ಲೆಕ್ಕ ಎಂದು ಕ್ರಿಸ್‌ಮಸ್ ರಜೆಗೆ ಟಿಕೆಟ್ ಮಾಡಿದೆ. ಜೋಯಿಸರು ಪಂಚಾಂಗ ಬಿಡಿಸಿ ತಲೆ ಆಡಿಸಿದರು. ಡಿಸೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ ಧನುರ್ಮಾಸ, ತುಳುವರ ಪೆರಾರ್ದೆ. ಮನೆ ಒಕ್ಕಲು ಆಗುವುದಿಲ್ಲ. ಅಮೆರಿಕದ ಕಂಪನಿಗಳು ರಜೆ ಕೊಡುವುದೂ ಆ ದಿನಗಳಲ್ಲೇ, ಜೋಯಿಸರು ಬೇಡ ಅನ್ನುವುದೂ ಆ ದಿನಗಳಲ್ಲೇ. ಹೊರದೇಶದಲ್ಲಿರುವ ಕನ್ನಡಿಗರೆಲ್ಲ ಸೇರಿ ಇದರ ಬಗ್ಗೆ ಯಾರಿಗಾದರೂ ಮನವಿ ಕೊಡಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ. ಅರ್ಜಿ ಧರ್ಮಸ್ಥಳಕ್ಕೋ ವಾಷಿಂಗ್ಟನ್ನಿಗೋ ಎಂಬುದು ಬಗೆಹರಿಯದೆ ಬಿಟ್ಟಿದ್ದೇನೆ.

ದಾರಿಯನ್ನೂ ಜೋಯಿಸರೇ ತೋರಿಸಿದರು. ಧನು ಸಂಕ್ರಮಣಕ್ಕೆ ಮೊದಲು ದೀಪ ಹೊತ್ತಿಸಿ, ಗಣಹೋಮ ಮಾಡಿ, ಹಾಲುಕ್ಕಿಸಿಬಿಟ್ಟರೆ ಒಕ್ಕಲು ಆದ ಹಾಗೆ. ಸಾಮಾನಿಗೆ ಮುಹೂರ್ತ ಇಲ್ಲ. ಈ ಸಲ ವಿಡಿಯೋದಲ್ಲಿ ಕುಳಿತದ್ದು ನಾನು, ನಿದ್ರೆ ಹೋದದ್ದೂ ನಾನೇ. ಹಾಲು ಕದ್ರಿ ದೇವಸ್ಥಾನದ ಕಡೆಗೆ ಉಕ್ಕಿತಂತೆ.

ಸಾಮಾನಿಗೆ ಮುಹೂರ್ತ ಇಲ್ಲ ಎಂದು ಜೋಯಿಸರು ಹೇಳಿದರೂ ಫ್ಲ್ಯಾಟಿನ ಅಸೋಸಿಯೇಶನ್ ಒಪ್ಪಲಿಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಐದು, ಆದಿತ್ಯವಾರ ಇಲ್ಲ, ಲಿಫ್ಟಿನ ಒಳಗೆ ಪ್ಲೈವುಡ್ ಕಟ್ಟಬೇಕು, ಡೆಪಾಸಿಟ್ ಬೇರೆ. ಅಮ್ಮನದ್ದು ಇನ್ನೊಂದು ಪಟ್ಟಿ. ಮಂಗಳವಾರ ಬೇಡ, ರಾಹುಕಾಲ ಬೇಡವೇ ಬೇಡ. ಎರಡೂ ಪಟ್ಟಿ ಒಟ್ಟಿಗೆ ಹಿಡಿದು ಬುಧವಾರ ಎಂದು ಗೊತ್ತುಮಾಡಿದೆವು. ಅಂದಿನ ರಾಹುಕಾಲ ಹನ್ನೆರಡರಿಂದ ಒಂದೂವರೆ, ಕೆಲಸದವರ ಊಟವೂ ಅದೇ ಹೊತ್ತಿಗೆ. ರಾಹುವೂ ಕುಚ್ಚಲಕ್ಕಿ ಗಂಜಿಯೂ ಒಟ್ಟಿಗೆ ಮುಗಿದವು.

ಟೆಂಪೋ ಬಂದು ನಿಂತಾಗ ನಾನು ಶಿಕಾಗೋದ ಅನುಭವದಲ್ಲಿ ಡಬ್ಬಗಳಿಗೆ ನಂಬರ್ ಬರೆದು, ಪಟ್ಟಿ ಮಾಡಿ ಸಿದ್ಧನಾಗಿದ್ದೆ. ಯಾವ ಡಬ್ಬಕ್ಕೂ ಹೊಂದದ ಸಾಮಾನುಗಳು ಒಳಗಿನಿಂದ ಬರತೊಡಗಿದವು. ತಾಮ್ರದ ಹಂಡೆ. ಮೆಟ್ಟುಕತ್ತಿ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಭರಣಿ, ಅದನ್ನು ಅಲುಗಾಡಿಸಬಾರದು. ಅಪ್ಪ ಕಾರ್ಪೊರೇಶನ್ ಬ್ಯಾಂಕಿನಲ್ಲಿ ಇದ್ದಾಗಿನ ಡೈರಿಗಳು. ಬ್ಯಾಂಕೇ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಹೋದರೂ ಡೈರಿಗಳು ವಿಲೀನಕ್ಕೆ ಒಪ್ಪಿರಲಿಲ್ಲ. ಕೊನೆಗೆ ಕಡೆಯುವ ಕಲ್ಲು.

"ಗ್ರೈಂಡರ್ ಉಂಟಲ್ಲಮ್ಮ" ಅಂದೆ.

"ಕರೆಂಟ್ ಹೋದರೆ?"

"ಅಲ್ಲಿ ಜನರೇಟರ್ ಉಂಟು."

"ಜನರೇಟರ್ ಕೆಟ್ಟರೆ?"

"ಒಂದು ದಿನ ದೋಸೆ ಇಲ್ಲದಿದ್ದರೆ ಎಂತ ಆಗ್ತದೆ?" ಎಂದು ಅಪ್ಪ ಬಾಯಿ ಹಾಕಿದರು. ಅಮ್ಮ ಅವರನ್ನು ನೋಡಿದ ರೀತಿಗೆ ಮಂಕಿಕ್ಯಾಪ್ ತಾನಾಗಿ ಕಳಚಿತು. ನಾಲ್ಕು ಜನ ಹಗ್ಗ ಕಟ್ಟಿ, "ಅಜ್ಜಿ, ಇದಕ್ಕೆ ಬೇರೆ ರೇಟು" ಎಂದು ಹೇಳಿಯೇ ಹೊತ್ತರು. ಈಗ ಕಲ್ಲು ಬಾಲ್ಕನಿ ಬಾಗಿಲಿಗೆ ಅಡ್ಡ ಕುಳಿತಿದೆ. ಒಂಬತ್ತನೇ ಮಾಳಿಗೆಗೆ ಕಡಲ ಗಾಳಿ ಜೋರು, ಬಾಗಿಲು ಬಡಿಯದೆ ನಿಲ್ಲಬೇಕಾದರೆ ಅಷ್ಟು ಭಾರ ಬೇಕೇ ಬೇಕು. ಅಮ್ಮ ಇದನ್ನು ಮೊದಲೇ ಯೋಚಿಸಿದ್ದರಂತೆ.

ಹಿತ್ತಿಲಲ್ಲಿ ಮಾಡಿನ ಎತ್ತರಕ್ಕೆ ಬೆಳೆದ ಕರಿಬೇವಿನ ಮರವನ್ನು ಯಾರೂ ತಿರುಗಿ ನೋಡಲಿಲ್ಲ. ನನ್ನ ಹೆಂಡತಿ ಮಾತ್ರ ಅದರ ಕೆಳಗೆ ನಿಂತು, "ಇಷ್ಟು ಎಲೆ!" ಎಂದು ನಿಟ್ಟುಸಿರು ಬಿಟ್ಟಳು. ಅಮ್ಮನಿಗೆ ಬೇಕಾದದ್ದು ಬಸಳೆ. ಚಪ್ಪರದಿಂದ ಬಲಿತ ದಂಟು ಆರಿಸಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಟೆಂಪೋದಲ್ಲಿ ಬಿಸಿಲು ಬೀಳುತ್ತದೆ ಎಂದು ಎ.ಸಿ. ಕಾರಿನ ಮುಂದಿನ ಸೀಟಿನಲ್ಲಿ ಇಟ್ಟರು. ಅಪ್ಪ, ನಾನು, ಹೆಂಡತಿ, ಮಗಳು ಹಿಂದೆ ಒತ್ತಿಕೊಂಡು ಕುಳಿತೆವು. ಅಮ್ಮ ಗೋಣಿಯನ್ನು ಮಡಿಲಲ್ಲಿ ಹಿಡಿದು ಡ್ರೈವರಿಗೆ, "ಹಂಪ್ ಉಂಟು, ನಿಧಾನ" ಅಂದರು.

ಸಾಮಾನು ಬಿಚ್ಚಿ ಮುಗಿಯುವ ಮೊದಲೇ ಎಂಟನೇ ಮಾಳಿಗೆಯ ಬಾಯಮ್ಮ ಕ್ರಿಸ್‌ಮಸ್ ಕುಸ್ವಾರಿನ ತಟ್ಟೆ ಹಿಡಿದು ಬಂದರು. ಕುಳ್‌ಕುಳ್, ನೆವ್ರಿ, ಚಕ್ಕುಲಿ, ಒಂದು ತುಂಡು ಕೇಕ್. ಕೇಕನ್ನು ಅಮ್ಮ ನಯವಾಗಿ ಮೊಮ್ಮಗಳ ಕಡೆ ಸರಿಸಿದರು. ತಟ್ಟೆ ಖಾಲಿ ಹೋಗಬಾರದಲ್ಲ, ಅಟ್ಟದಿಂದ ಇಳಿಸಿ ತಂದ ಹಲಸಿನ ಹಪ್ಪಳ ತುಂಬಿ ಕಳಿಸಿದರು. ಬಾಯಮ್ಮ ಮರುದಿನ ಮತ್ತೊಂದು ತಟ್ಟೆ ಕಳಿಸಿದರು. ಈ ಯುದ್ಧದಲ್ಲಿ ಯಾರು ಗೆದ್ದರೆಂದು ಗೊತ್ತಾಗುವ ಮೊದಲೇ ನಮ್ಮ ರಜೆ ಮುಗಿಯಿತು.

ಮಾರ್ಚಿನಲ್ಲಿ ಅಮ್ಮನ ಫೋನ್. ಬಾಲ್ಕನಿಯ ಗ್ರಿಲ್ಲಿನಿಂದ ಬಸಳೆ ಎಂಟನೇ ಮಾಳಿಗೆಗೆ ಇಳಿದಿದೆ. ಅಸೋಸಿಯೇಶನ್ ಗ್ರೂಪಿನಲ್ಲಿ ಸೆಕ್ರೆಟರಿ ಎಲ್ಲರಿಗೂ ಅನ್ನುವಂತೆ ಅಮ್ಮನಿಗೆ ಮಾತ್ರ ಒಂದು ನೋಟೀಸು ಹಾಕಿದರು: ಬಳ್ಳಿಗಳನ್ನು ಕೆಳಗಿನ ಮನೆಗಳ ಕಡೆ ಇಳಿಬಿಡಬಾರದು, ಕೂಡಲೇ ಮೇಲೆ ಎಳೆದುಕೊಳ್ಳಬೇಕು. ಅದಕ್ಕೆ ಬಾಯಮ್ಮನ ಉತ್ತರ ತಡವಾಗಲಿಲ್ಲ. "ನನ್ನ ಬಾಲ್ಕನಿಗೆ ಬಂದದ್ದು ನನ್ನದು. ಯಾರೂ ಮೇಲೆ ಎಳೆಯಬಾರದು."

"ಡಿಬ್ಸ್!" ಎಂದು ಪಕ್ಕದಲ್ಲಿದ್ದ ಮಗಳು ಕೂಗಿದಳು. ಅಮ್ಮನಿಗೆ ಅದು ಯಾವುದೋ ಪಲ್ಯದ ಹೆಸರು ಎಂದು ಕೇಳಿಸಿತು.

ಈಗ ಒಪ್ಪಂದ ಆಗಿದೆಯಂತೆ. ಒಂಬತ್ತರಲ್ಲಿ ಇರುವುದು ಅಮ್ಮನದ್ದು, ಎಂಟಕ್ಕೆ ಇಳಿದದ್ದು ಬಾಯಮ್ಮನದ್ದು. ಏಳಕ್ಕೆ ಇಳಿದರೆ ಮಾತ್ರ ಮೀಟಿಂಗ್ ಕರೆಯುವುದು.