ಎಂಟರಲ್ಲೊಂದು

ನಮ್ಮ ಹಿತ್ತಲಿನಲ್ಲಿ ಒಂದು ಉಗಿ ಇಂಜಿನ್ ಇದೆ. ಆಟಿಕೆ ಎಂದರೆ ನನಗೆ ಸಿಟ್ಟು ಬರುತ್ತದೆ. ಅದು ಕಲ್ಲಿದ್ದಲು ತಿನ್ನುತ್ತದೆ, ನೀರು ಕುಡಿಯುತ್ತದೆ, ನೆರೆಯವರು ಒಣಹಾಕಿದ ಬಿಳಿ ಧೋತರಕ್ಕೆ ಮಸಿ ಹಚ್ಚುತ್ತದೆ. ಗುಣವೆಲ್ಲ ಅಸಲಿನದೇ, ಅಳತೆ ಮಾತ್ರ ಎಂಟರಲ್ಲೊಂದು.

ಈ ಹುಚ್ಚು ಹಿಡಿಯಲು ಹುಬ್ಬಳ್ಳಿಗಿಂತ ಒಳ್ಳೆಯ ಊರಿಲ್ಲ. 1885ರಲ್ಲಿ ಇಲ್ಲಿ ರೈಲ್ವೆ ವರ್ಕ್‌ಶಾಪು ಶುರುವಾಯಿತು. ನಮ್ಮಪ್ಪ ಅಲ್ಲಿ ಫಿಟ್ಟರ್ ಆಗಿದ್ದ. ಅದನ್ನು ಕಟ್ಟಿಸಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ದೊಡ್ಡ ಕಚೇರಿ ಧಾರವಾಡದಲ್ಲಿತ್ತು. ಅದೇ ಈಗಿನ ಕರ್ನಾಟಕ ಕಾಲೇಜಿನ ಕಟ್ಟಡ. ಕಾಗದ ಧಾರವಾಡಕ್ಕೆ, ಕಬ್ಬಿಣ ಹುಬ್ಬಳ್ಳಿಗೆ ಎಂದು ಅಂದೇ ಪಾಲಾಗಿತ್ತು. ಆ ಪಾಲು ಇನ್ನೂ ಕೆಟ್ಟಿಲ್ಲ: ನಾನು ಇಲ್ಲಿ ಅರ ಹಾಕಿ ಉಜ್ಜುತ್ತೇನೆ, ನನ್ನ ನಿವೃತ್ತ ಪ್ರಾಧ್ಯಾಪಕ ಗೆಳೆಯ ಧಾರವಾಡದಿಂದ ಬಂದು ರಿವೆಟ್ ಎಣಿಸಿ ಎರಡು ಕಡಿಮೆ ಇವೆ ಎನ್ನುತ್ತಾನೆ.

ನಾನು ಆರಿಸಿದ್ದು ಮೀಟರ್‌ಗೇಜಿನ ವೈ.ಪಿ. ಇಂಜಿನ್. ಮುಂದೆ ನಾಲ್ಕು ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬ್ರಾಡ್‌ಗೇಜ್ ಬಂದ ಮೇಲೆ ಮೀಟರ್‌ಗೇಜಿನ ಹಳಿಯೇ ಹೋಯಿತು. ಹಾಗಾಗಿ ಮೈಸೂರಿನ ರೈಲು ಮ್ಯೂಸಿಯಮ್ಮಿಗೆ ಹೋಗಿ, ಅಲ್ಲಿರುವ ವೈ.ಪಿ.ಯ ಪಕ್ಕದಲ್ಲಿ ಟೇಪು ಹಿಡಿದು ಎರಡು ದಿನ ಕುಕ್ಕರುಗಾಲಲ್ಲಿ ಕೂತೆ. ನೋಡಲು ಬಂದವರೊಬ್ಬರು ವಿನಯದಿಂದ ಕೇಳಿದರು: “ರಿಪೇರಿ ಆಯ್ತಾ ಸಾರ್? ಎಷ್ಟೊತ್ಗೆ ಹೊರಡುತ್ತೆ?”

ಮನೆಗೆ ಬಂದು ಎಲ್ಲವನ್ನೂ ಎಂಟರಿಂದ ಭಾಗಿಸಿದೆ. ಒಂದು ಮೀಟರಿನ ಗೇಜು 125 ಮಿಲಿಮೀಟರಾಯಿತು. 1372 ಮಿಲಿಮೀಟರಿನ ದೊಡ್ಡ ಗಾಲಿ ಹೋಳಿಗೆಯಷ್ಟಗಲಕ್ಕೆ ಇಳಿಯಿತು. ಉದ್ದ, ಅಗಲ, ಎತ್ತರ ಮೂರೂ ಎಂಟರಲ್ಲೊಂದಾದರೆ ತೂಕ ಇಳಿಯುವುದು 512ರಲ್ಲೊಂದಕ್ಕೆ. ಕಲ್ಲಿದ್ದಲು, ನೀರು ಹೊರುವ ಟೆಂಡರು ಸೇರಿ ನೂರು ಟನ್ನಿನ ಹತ್ತಿರವಿದ್ದದ್ದು ಎರಡು ಚೀಲ ಜೋಳದಷ್ಟಾಯಿತು. ಖರ್ಚೂ ಹೀಗೇ ಇಳಿಯುತ್ತದೆ ಎಂದು ಮನೆಯವಳಿಗೆ ಪೆನ್ಸಿಲ್ಲಿನಲ್ಲಿ ಬರೆದು ತೋರಿಸಿದೆ. ಆ ಚೀಟಿಯನ್ನು ಅವಳು ಇಂದಿಗೂ ಜೋಪಾನವಾಗಿ ಇಟ್ಟಿದ್ದಾಳೆ.

ಎಂಟರಿಂದ ಭಾಗವಾಗದ ವಸ್ತುಗಳು ಲೋಕದಲ್ಲಿವೆ ಎಂದು ಮೊದಲು ಕಲಿಸಿದವನು ಎರಕದವನು. ಬೀಡು ಕಬ್ಬಿಣ ತಣ್ಣಗಾಗುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಕಟ್ಟಿಗೆಯ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು, ಲೇಥಿನಲ್ಲಿ ಕೆತ್ತಿ ತೆಗೆಯಲು ಇನ್ನಷ್ಟು ಬಿಡಬೇಕು. ನಾನು ಬಿಟ್ಟಿರಲಿಲ್ಲ. “ಸಾಹೇಬ್ರ, ಗಾಲಿ ಛಲೋ ಬಂದಾವ್ರಿ. ಇಂಜಿನ್ನ ಸ್ವಲ್ಪ ಸಣ್ಣದು ಮಾಡ್ರಿ,” ಎಂದ. ಆ ಆರು ಗಾಲಿ ಈಗ ನಮ್ಮ ತುಳಸಿಗಿಡದ ಸುತ್ತ ಕಟ್ಟೆಯಾಗಿವೆ.

ಎರಡನೆಯದು ಸೀಟಿ. ಕೊಳವೆಯ ಉದ್ದ ಎಂಟರಲ್ಲೊಂದಾದರೆ ಸ್ವರ ಮೂರು ಸಪ್ತಕ ಮೇಲೇರುತ್ತದೆ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠ ಕೇಳಿದ ಊರಿನಲ್ಲಿ ನನ್ನ ಇಂಜಿನ್ ಬಾಲ ತುಳಿಸಿಕೊಂಡ ಇಲಿಯಂತೆ ಚೀರಿತು. ಧಾರವಾಡದ ಗೆಳೆಯ ಕಣ್ಣು ಮುಚ್ಚಿ, “ಶ್ರುತಿ ಐತಿ, ಸಂಸ್ಕಾರ ಇಲ್ಲ,” ಎಂದ. ಕೊನೆಗೆ ಉದ್ದನೆಯ ಕೊಳವೆಯ ಸೀಟಿ ಮಾಡಿ, ಯಾರಿಗೂ ಕಾಣದಂತೆ ಪಕ್ಕದ ಪಟ್ಟಿಯ ಕೆಳಗೆ ಅಡಗಿಸಿದೆ. ಇಡೀ ಇಂಜಿನ್ನಿನಲ್ಲಿ ನಾನು ಮಾಡಿದ ಮೋಸ ಇದೊಂದೇ, ಎರಡು ರಿವೆಟ್ ಬಿಟ್ಟರೆ.

ಮೂರನೆಯದು ಬಾಯ್ಲರ್. ತಾಮ್ರದ ತಗಡು ಬಗ್ಗಿಸಿ, ಬೆಳ್ಳಿ ಬೆಸುಗೆ ಹಾಕಿ, ಒಳಗೆ ಸಾಲುಸಾಲು ಕೊಳವೆ ಕೂಡಿಸುತ್ತಿದ್ದೆ. ಅವ್ವ ಬಂದು ನಿಂತಳು.

“ಬಂಬ ಏನೋ ಇದು?”

“ಅಲ್ಲವ್ವಾ, ಬಾಯ್ಲರ್.”

“ಅದ ಅಲ್ಲೇನು? ನಡುವ ಕೊಳವಿ, ಕೆಳಗ ಬೆಂಕಿ, ಸುತ್ತ ನೀರು. ಎಷ್ಟು ಬಕೀಟು ಕಾಯ್ತೈತಿ?”

“ಅರ್ಧ.”

“ಅರ್ಧ ಬಕೀಟಿಗೆ ಇಷ್ಟು ವರ್ಷ ಬೇಕಾತೇನು?”

ವಾದಿಸಲಿಲ್ಲ. ಬಚ್ಚಲಿನ ಬಂಬಕ್ಕೆ ಒಂದೇ ಕೊಳವೆ, ಇದಕ್ಕೆ ಹಲವು, ಅಷ್ಟೇ ವ್ಯತ್ಯಾಸ. ಆದರೆ ಬಂಬಕ್ಕೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಇದಕ್ಕೆ ಉಗಿ ಹಾಕುವ ಮೊದಲು ತಣ್ಣೀರು ಭರ್ತಿ ತುಂಬಿ, ಕೈಪಂಪಿನಿಂದ ಓಡುವಾಗಿನದರ ದುಪ್ಪಟ್ಟು ಒತ್ತಡ ಕೊಡಬೇಕು. ನೀರಾದರೆ ಒಡೆದರೂ ಸಿಡಿಯುವುದಿಲ್ಲ. ನನ್ನದು ಮೊದಲ ಸಲ ಏಳು ಕಡೆ ಅತ್ತಿತು. ಎರಡನೆಯ ಸಲ ಮೂರು ಕಡೆ. ಮೂರನೆಯ ಸಲ ಮುಳ್ಳು 160 ಪೌಂಡಿನ ಮೇಲೆ ಅಲುಗದೆ ನಿಂತಾಗ ಅತ್ತವನು ನಾನು.

ಭಾಗವಾಗದೆ ಉಳಿದದ್ದರಲ್ಲಿ ದೊಡ್ಡದು ಕಾಲ. ಅದು ಎಂಟರಿಂದ ಗುಣಿತವಾಗುತ್ತದೆ. ಒಂದು ವಾರದ ಕೆಲಸ ಎರಡು ತಿಂಗಳಾಗಿ, ಒಂದೂವರೆ ವರ್ಷದ ಅಂದಾಜು ಹನ್ನೆರಡಾಯಿತು. ಅಷ್ಟರಲ್ಲಿ ನಮ್ಮೂರಿನ ಪ್ಲಾಟ್‌ಫಾರ್ಮು ಬೆಳೆಬೆಳೆದು 1507 ಮೀಟರಾಗಿ, 2023ರಲ್ಲಿ ಲೋಕದಲ್ಲೇ ಉದ್ದನೆಯದೆನಿಸಿತು. ಅದರ ಎಂಟರಲ್ಲೊಂದೂ ನಮ್ಮ ಹಿತ್ತಲಿಗೆ ಹಿಡಿಸುವುದಿಲ್ಲ. ನನ್ನ ಹಳಿ ನುಗ್ಗೆಗಿಡದಿಂದ ಹೊರಟು ಬಟ್ಟೆ ಒಗೆಯುವ ಕಲ್ಲಿಗೆ ಮುಗಿಯುತ್ತದೆ.

ಮೊದಲ ಬೆಂಕಿಗೆ ಇದ್ದಿಲು ಕೊಟ್ಟವರು ಇಸ್ತ್ರಿ ಅಂಗಡಿಯವರು. ಮೊದಲ ಪ್ರಯಾಣಿಕಳು ಅವ್ವ. ಹಿಂದಿನ ಸಣ್ಣ ಗಾಡಿಯ ಮೇಲೆ ಸೆರಗು ಬಿಗಿದು ಕೂತಳು. ಇಂಜಿನ್ ಸೀಟಿ ಹಾಕಿ, ನಡುಗಿ, ಎಳೆಯಿತು. ಒಗೆಯುವ ಕಲ್ಲಿನ ಬಳಿ ಇಳಿದವಳು ಮೆಚ್ಚುಗೆಯ ಮಾತೇನೂ ಆಡಲಿಲ್ಲ. ಇಂಜಿನ್ನಿನ ಹೊಟ್ಟೆಯ ಮೇಲೆ ಒಮ್ಮೆ ಕೈ ಸವರಲು ಹೋಗಿ, ಸುಟ್ಟುಕೊಂಡು, “ನಿಮ್ಮಪ್ಪ ಇರಬೇಕಿತ್ತು,” ಎಂದಳು. ಆಮೇಲೆ ಬಕೆಟ್ ತಂದಿಟ್ಟು, “ಆ ನೀರು ಚೆಲ್ಲಬ್ಯಾಡ,” ಎಂದಳು.

ಈ ಕೆಲಸಕ್ಕೆ ಕೈ ಹಾಕುವವರಿಗೆ ಒಂದೇ ಮಾತು. ನಕ್ಷೆ, ಲೇಥು, ತಾಮ್ರ ಎಲ್ಲ ಆಮೇಲೆ. ಮೊದಲು ಮನೆಯಲ್ಲಿ ಕೂತು, ಎಷ್ಟು ಬಕೆಟ್ ನೀರು ಕಾಯುತ್ತದೆ ಎಂದು ಖರೇ ಹೇಳಿಬಿಡಿ. ಮತ್ತೆ, ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಡಬೇಡಿ.